ಅಂಗೈಯ ಲಿಂಗ, ಬಗಲಿನ ಗಂಟು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಬೀಗರಾದ ರುದ್ರಗೌಡರು, ಮಠದಲ್ಲಿ ಪ್ರಸಾದ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ. ಅವರು ಹೇಳಿದಂತೆಯೇ ಹೇಳುತ್ತೇನೆ.

ನೀಲಗಂಗವ್ವ ಎಂಬ ಭಕ್ತೆ ಇದ್ದಳು. ಚಿಕ್ಕಂದಿನಲ್ಲಿ ಮಠದ ಸ್ವಾಮಿಗಳಾದ ಅಜ್ಜಾರು ದೀಕ್ಷೆ ಕೊಟ್ಟ ದಿನದಿಂದ ಇಷ್ಟಲಿಂಗ ಆಕೆಯ ಮೈಬಿಟ್ಟು ಸರಿದಿರಲಿಲ್ಲ. ಬೆಳ್ಳಿಯ ಕರಡಿಗೆಯೊಳಗೆ ಅದು ಸದಾ ಎದೆಯ ಮೇಲೆ ಇರುತ್ತಿತ್ತು. ಲಿಂಗ ಅಗಲಿದರೆ ಪ್ರಾಣ ಅಗಲಿದಂತೆ ಎಂದು ಆಕೆ ನಂಬಿದ್ದಳು.

ಅದೇ ಎದೆಯ ಎಡಗಡೆ ಒಂದು ಗಂಟು ಕಾಣಿಸಿತು. ಪರೀಕ್ಷೆ ಮಾಡಿಸಿದರೆ ಕ್ಯಾನ್ಸರ್. ಡಾಕ್ಟರಮ್ಮ ಸಾವಕಾಶವಾಗಿ ಹೇಳಿದರು: “ಬ್ಯಾನಿ ಬಗಲಿನ ಗ್ರಂಥಿಗೂ ಹೋಗೇತೇನು ನೋಡಬೇಕವ್ವ. ನರದೊಳಗ ಒಂದು ಔಷಧ ಬಿಟ್ಟು ಸ್ಕ್ಯಾನ್ ಮಾಡ್ತೀವಿ. ಅದು ರಕ್ತದಾಗ ಹರದರ ಕೆಟ್ಟ ಗ್ರಂಥಿ ಎದ್ದು ಕಾಣತಾವು. ನೋಡದೆ ಆಪರೇಶನ್‌ಗೆ ಕೈ ಹಾಕಿದ್ರ ಬ್ಯಾನಿ ಒಳಗ ಉಳಿಯಬಹುದು. ಮೈಮ್ಯಾಲಿನ ಲೋಹ ಎಲ್ಲಾ ತೆಗದಿಡ್ರಿ.”

ನೀಲಗಂಗವ್ವ ಬಳೆ ತೆಗೆದಳು, ಸರ ತೆಗೆದಳು. ಕರಡಿಗೆಯನ್ನು ಮಾತ್ರ ಆಸ್ಪತ್ರೆಯ ಅಂಗಿಯ ತೋಳಿನೊಳಗೆ, ಎಡ ಬಗಲಿನ ಹತ್ತಿರ ಬಿಗಿದು ಕಟ್ಟಿಕೊಂಡು ಮಲಗಿದಳು. ಔಷಧ ಬಿಡುವ ಮೊದಲು ತೆಗೆದ ಚಿತ್ರದಲ್ಲೇ ಬಗಲೆಲ್ಲ ಬೆಳ್ಳಗೆ ಗೀರುಗೀರಾಗಿ ಬಂತು. ನೋಡಬೇಕಾದ ಜಾಗವೇ ಮುಚ್ಚಿಹೋಗಿತ್ತು.

“ಏನು ಮುಚ್ಚಿಟ್ಟೀರವ್ವ?” ಎಂದರು ಡಾಕ್ಟರಮ್ಮ.

“ಕಳವಿನ ಮಾಲಲ್ಲ ತಾಯಿ, ನಮ್ಮಪ್ಪ ಶಿವ. ಇವನ್ನ ಬಿಡೂದಾದ್ರ ನಿಮ್ಮ ಸ್ಕ್ಯಾನೂ ಬ್ಯಾಡ, ಔಷಧನೂ ಬ್ಯಾಡ,” ಎಂದು ಆಕೆ ಎದ್ದು ಕೂತಳು.

ಗಂಡ ಮಡಿವಾಳಪ್ಪ ಗಾಬರಿಯಾಗಿ ಅಜ್ಜಾರಿಗೆ ಫೋನ್ ಹಚ್ಚಿದ. ನಡೆದದ್ದನ್ನು ಹೇಳಿ ಫೋನನ್ನು ಆಕೆಯ ಕೈಗೆ ಕೊಟ್ಟ.

“ಪೂಜಾಕ್ಕ ಕುಂತಾಗ ಲಿಂಗಪ್ಪ ಎಲ್ಲಿರ್ತಾನವ್ವ?” ಅಜ್ಜಾರು ಕೇಳಿದರು.

“ಎಡಗೈಯಾಗ್ರಿ ಅಜ್ಜಾರ.”

“ಮತ್ತ ಅಲ್ಲೇ ಇರಲಿ. ನಾ ಕೊಟ್ಟಿದ್ದು ಲಿಂಗ. ಬೆಳ್ಳಿ ಡಬ್ಬಿ ನಿನ್ನ ತವರವರು ಮಾಡಿಸಿದ್ದು. ಡಬ್ಬಿ ಸಲುವಾಗಿ ಯಾಕ ಜೀವ ಕೊಡ್ತಿ?”

ಡಾಕ್ಟರಮ್ಮನೂ ಒಪ್ಪಿದರು. ಹೇಗೂ ಕೈಗಳನ್ನು ತಲೆಯ ಮೇಲೆ ಚಾಚಿ ಮಲಗಬೇಕು. ಅಂಗೈ ಚಿತ್ರದೊಳಗೆ ಬರುವುದಿಲ್ಲ. ನೀಲಗಂಗವ್ವ ಕರಡಿಗೆಯನ್ನು ಗಂಡನಿಗೆ ಕೊಟ್ಟು, ಲಿಂಗವನ್ನು ಎಡಗೈಯಲ್ಲಿ ಹಿಡಿದು ಮಲಗಿದಳು. ಬಲಗೈಯ ನರದಲ್ಲಿ ಔಷಧ ಬಿಟ್ಟರು. ಮೈಯೆಲ್ಲ ಬೆಚ್ಚಗಾಯಿತು. ಆಕೆ ಅಲುಗಲಿಲ್ಲ.

ಈ ಸಲ ಚಿತ್ರ ಸ್ವಚ್ಛವಾಗಿ ಬಂತು. ಬಗಲಿನ ಎರಡು ಗ್ರಂಥಿಗಳು ಅನುಮಾನ ಬರುವಂತೆ ಎದ್ದು ಕಂಡವು. ಸೂಜಿ ಹಾಕಿ ಪರೀಕ್ಷಿಸಿದಾಗ ಅನುಮಾನ ನಿಜವಾಯಿತು.

“ಮೊದಲು ಕ್ಯಾನ್ಸರಿನ ಔಷಧ ಕೊಡೂನು, ಆಮ್ಯಾಲ ಆಪರೇಶನ್. ದಾರಿ ಐತವ್ವ,” ಎಂದರು ಡಾಕ್ಟರಮ್ಮ.

ಮಡಿವಾಳಪ್ಪ ಟವಲಿನಲ್ಲಿ ಮುಖ ಮುಚ್ಚಿ ಅಳತೊಡಗಿದ.

ನೀಲಗಂಗವ್ವ ಅವನ ಭುಜ ತಟ್ಟಿದಳು. “ಆವತ್ತು ಮುಂಜಾನೆ ಸ್ಕ್ಯಾನಿಗಂತ ನಾ ಉಪಾಸ ಇದ್ರ ನೀವು ಆರಾಮ ಎರಡೆರಡು ಚಹಾ ಕುಡದ್ರಿ. ಆವಾಗೂ ಈ ಬ್ಯಾನಿ ಇಲ್ಲೇ ಇತ್ತು, ಕಂಡಿರಲಿಲ್ಲ ಅಷ್ಟೇ. ಈಗ ಕಂಡೈತಿ, ಔಷಧ ಹಾಕಿಸೂನು. ಏಳ್ರಿ ಮ್ಯಾಲೆ.”

ನೀತಿ: ಕಣ್ಣಿಗೆ ಕಾಣಲಿಲ್ಲ ಎಂದ ಮಾತ್ರಕ್ಕೆ ಕೇಡು ಇಲ್ಲವಾಗುವುದಿಲ್ಲ. ಭಕ್ತಿಯನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿಯೋಣ. ಕೇಡಿಗೆ ಅದನ್ನು ಮರೆಯಾಗಿ ಹಿಡಿಯುವುದು ಬೇಡ.

ಓದಿದವರು ಮನೆಯ ಅವ್ವ, ಅಕ್ಕ, ತಂಗಿಯರಿಗೆ ಓದಿ ಹೇಳಿ. ಎದೆಯ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡುವ ಒಬ್ಬಾಕೆ ನಿಮ್ಮ ಓಣಿಯಲ್ಲೂ ಇರಬಹುದು. ಈ ಕಥೆ ಆಕೆಯ ತನಕ ಮುಟ್ಟಲಿ.