ಪೈಪಿನ ನೀರಡಿಕೆ ಬಲ್ಲ ಕಳಕಪ್ಪ

ನಂಬೋದಿಲ್ಲ ಅಂತೀರಾ? ನಂಬಬೇಡಿ. ಆದರೆ ಕಥೆ ಮುಗಿದ ಮೇಲೆ ಸುಳ್ಳು ಅನ್ನೋ ಎದೆ ಇದ್ದವರು ನಮ್ಮೂರ ಕೆಳಗೇರಿಗೆ ಬಂದು, ಬಾವಿಕಟ್ಟೆ ಮೇಲೆ ನಿಂತು ಅನ್ನಿ, ನೋಡೋಣ. ಇಂಥ ಮನುಷ್ಯ ಓಡಾಡಿದ ಊರು ಸುತ್ತ ಹತ್ತು ಹಳ್ಳಿಯಲ್ಲಿ ನಮ್ಮದೊಂದೇ.

ಯಾವಾಗ ಅಂತ ಕೇಳಬೇಡಿ, ಬಹಳ ಹಿಂದೆ. ಕಳಕಪ್ಪ ಅನ್ನೋ ಪೈಪಿನ ಮೇಸ್ತ್ರಿ ಈ ಊರಿಗೆ ಬಂದನಂತೆ. ಊರೂರು ತಿರುಗಿ ಚರಂಡಿಗೆ ಸಿಮೆಂಟ್ ಪೈಪು ಹೂಳುವವನು. ಸ್ವಂತ ಊರಿಲ್ಲ, ಸೂರಿಲ್ಲ, ಬಾಯಿ ಮಾತ್ರ ಊರಗಲ. "ನಾ ಕೂಡಿಸಿದ ಜಾಯಿಂಟಿನ್ಯಾಗ ಇರುವಿ ಕಣ್ಣೀರೂ ಹೊರಗ ಬರಂಗಿಲ್ಲ" ಅನ್ನುತ್ತಿದ್ದನಂತೆ.

ಚರಂಡಿ ಹಾಯಬೇಕಾದ್ದು ಕೆಳಗೇರಿಯ ಸಿಹಿನೀರಿನ ಬಾವಿಯ ಮಗ್ಗುಲಲ್ಲೇ. ಒಂದು ಜಾಯಿಂಟು ಸೋರಿದರೂ ಇಡೀ ಕೇರಿ ಹೊಲಸು ಕುಡಿಯಬೇಕು. ಅದಕ್ಕೇ ಕೇರಿಯ ಹಿರಿಯಳು ಶಂಕ್ರವ್ವ ಮೊದಲೇ ಹೇಳಿದ್ದಳಂತೆ: ಸೋರದಿದ್ದರೆ ಮನೆ ಕಟ್ಟಿಕೊಳ್ಳಲು ಜಾಗ, ಸೋರಿದರೆ ಊರು ಬಿಡಬೇಕು.

ಪೈಪು ಕೂಡಿಸಿದ್ದಾಯಿತು. ಮಣ್ಣು ಮುಚ್ಚುವ ಮೊದಲು ಕಳಕಪ್ಪ ಕೆಳಗಿನ ಬಾಯಿ ಬಿಗಿದು, ಮೇಲಿನ ಚೇಂಬರಿನಿಂದ ಕಂಠಮಟ್ಟ ನೀರು ತುಂಬಿಸಿದ. ಬೆಳಗ್ಗೆ ನೋಡಿದರೆ ನೀರು ಗೇಣುದ್ದ ಇಳಿದಿತ್ತು.

"ಏನೋ ಮೇಸ್ತ್ರಿ, ನಿನ್ನ ಇರುವಿ ಭಾಳ ಅತ್ತೈತಲ್ಲ!" ಅಂತ ಶಂಕ್ರವ್ವ ಛೇಡಿಸಿದಳಂತೆ.

"ಯವ್ವಾ, ಹೊಸ ಗಡಿಗಿ ಮೊದಲ ದಿನ ನೀರು ಕುಡಿಯೂದಿಲ್ಲೇನು? ಇದಕ್ಕೂ ನೀರಡಿಕಿ ಆಗೈತಿ."

ಮತ್ತೆ ತುಂಬಿಸಿದರು, ಪೈಪು ಕುಡಿಯಿತು. ಮತ್ತೆ ತುಂಬಿಸಿದರು, ಕಡಿಮೆ ಕುಡಿಯಿತು. ಕೊನೆಗೆ ದಿನಕ್ಕೊಂದು ಬೆರಳಿನಷ್ಟೇ ಇಳಿಯತೊಡಗಿತು. ಕೇರಿಗೆ ಅವನ ಮಾತು ನಿಜ ಅನ್ನಿಸಿತು. ಇದೂ ನೀರಡಿಕೆಯೇ, ಮಣ್ಣು ಮುಚ್ಚಪ್ಪಾ ಅಂದರಂತೆ.

ತಲೆಯಾಡಿಸಿದ್ದರೆ ಜಾಗ ಅವನದು. ಆದರೆ ನೀರಡಿಕೆಯಾದರೆ ದಿನದಿನಕ್ಕೆ ತೀರಬೇಕು, ಇದು ಒಂದು ಬೆರಳಿಗೆ ಬಂದು ನಿಂತಿದೆ, ತೀರುತ್ತಿಲ್ಲ ಅನ್ನೋದು ಅವನೊಬ್ಬನಿಗೇ ಗೊತ್ತಿತ್ತು. ಕಳಕಪ್ಪ ಗುಂಡಿಗಿಳಿದ. ಜಾಯಿಂಟು ಜಾಯಿಂಟೂ ಒರೆಸಿ, ಒಲೆಯ ಬೂದಿ ಬಳಿದು, ಕೆನ್ನೆ ಹಚ್ಚುತ್ತ ಹೋದ. ಪೈಪು ಅವನ ಕಿವಿಯಲ್ಲಿ ಗುಟ್ಟು ಹೇಳಿತು ಅನ್ನುತ್ತಾರೆ. ಬಾವಿಯ ಎದುರಿನ ಜಾಯಿಂಟಿನಲ್ಲಿ ಬೂದಿ ಒದ್ದೆಯಾಗಿ, ಕಪ್ಪಗೆ ಕೆನ್ನೆಗೆ ಮೆತ್ತಿತು.

"ಸೋರತೈತಿ. ನನ್ನ ಕೈಯಾಗ ಕೆಟ್ಟೈತಿ" ಅಂದನಂತೆ. ಆ ಬಾಯಿಂದ ಅಂಥ ಮಾತು ಅದೇ ಮೊದಲು.

ತಾನೇ ಒಡೆದ. ಸೆಣಬು ತುರುಕಿ, ಗಾರೆ ಮೆತ್ತಿ, ಹೊಸದಾಗಿ ಕೂಡಿಸಿದ. ಗಾರೆ ಬಲಿತ ಮೇಲೆ ತುಂಬಿಸಿದರೆ ನೀರು ಕದಲಲಿಲ್ಲ. ಹುಣ್ಣಿಮೆಯಿಂದ ಹುಣ್ಣಿಮೆವರೆಗೂ ಹಾಗೇ ನಿಂತಿತ್ತು ಅನ್ನುತ್ತಾರೆ. ಆದರೂ ಒಮ್ಮೆ ಸೋರಿತ್ತಲ್ಲ, ಅವನು ಮಾತಿನಂತೆ ಊರು ಬಿಡಲು ಗಂಟು ಕಟ್ಟಿದ.

"ಎಲ್ಲಿಗೆ ಹೊಂಟ್ಯೋ ಬಡಾಯಿಖೋರ?" ಶಂಕ್ರವ್ವ ದಾರಿಗೆ ಅಡ್ಡ ನಿಂತಳಂತೆ. "ನಾಳೆ ಸೋರಿದ್ರ ಕೆನ್ನಿ ಹಚ್ಚಾವ್ರು ಯಾರು, ನಾನೇನು?"

ಇಂದಿಗೂ ನಮ್ಮೂರಲ್ಲಿ ಹೊಸ ಪೈಪಿಗೆ ಮಣ್ಣು ಮುಚ್ಚುವ ಮೊದಲು ಬೂದಿ ಬಳಿದು, ಹಿರಿಯರೊಬ್ಬರು ಕೆನ್ನೆ ಹಚ್ಚಿ ನೋಡುತ್ತಾರೆ. ನಗುವವರು ನಗಲಿ, ನಮ್ಮ ಬಾವಿ ಇನ್ನೂ ಸಿಹಿಯಾಗಿದೆ.

ಕಳಕಪ್ಪನಿಗೆ ಕೊಟ್ಟದ್ದು, ಬಾವಿಯ ಮಗ್ಗುಲಲ್ಲಿ ಎರಡು ಅಂಕಣದ ಮನೆಗಾಗುವಷ್ಟು ಜಾಗ.