ಕೊನೆಯ ಮನೆಯ ಮೊಸರು

ತನ್ನ ರಕ್ತವನ್ನು ಮನುಷ್ಯ ಎಲ್ಲಿ ಕಂಡರೂ ಗುರುತಿಸುತ್ತಾನೆ ಎಂದು ಆಗ ಎಲ್ಲರೂ ನಂಬಿದ್ದರು. ಚನ್ನವೀರನೂ ನಂಬಿದ್ದ. ಅದನ್ನು ನಂಬಿಕೊಂಡೇ ಅವನು ಗುರುಗಳ ಮುಂದೆ ಕೂತು ಕೇಳಿದ.

"ಬುದ್ಧಿ, ಮಕ್ಕಳಿಲ್ಲದವರಿಗೆ ಅಂತ ಆಸ್ಪತ್ರೆಯಲ್ಲಿ ವೀರ್ಯದಾನ ಕೇಳುತ್ತಿದ್ದಾರೆ. ಯಾರಿಗೆ ಹೋಯಿತು ಅಂತ ನನಗೆ ತಿಳಿಸುವುದಿಲ್ಲ. ಯಾರಿಂದ ಬಂತು ಅಂತ ಮಗುವಿಗೂ ತಿಳಿಸುವುದಿಲ್ಲ. ಕೊಡಲೋ, ಬೇಡವೋ?"

ಗುರುಗಳು ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ಅವರ ಮಠಕ್ಕೆ ಜನ ಕಡಿಮೆ. ಅವರು ತಾಯಿತ ಕಟ್ಟುತ್ತಿರಲಿಲ್ಲ, ಭವಿಷ್ಯ ಹೇಳುತ್ತಿರಲಿಲ್ಲ. ಹಾಗಾಗಿ ಅಲ್ಲಿಗೆ ಬರಲು ಯಾರಿಗೂ ಅಂಥ ಕಾರಣವಿರಲಿಲ್ಲ. ಚನ್ನವೀರ ಮಾತ್ರ ಪ್ರತಿ ಭಾನುವಾರ ಬರುತ್ತಿದ್ದ. ಅವನಿಗೆ ಭಾನುವಾರ ಬೇರೆಲ್ಲೂ ಹೋಗುವುದಿರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಅವನಿಗೆ ಮೂವತ್ತೇಳು ವರ್ಷ. ಹೈಸ್ಕೂಲಿನಲ್ಲಿ ಚಿತ್ರಕಲೆಯ ಮೇಷ್ಟ್ರು. ಮೊದಮೊದಲು ನೋಡಿದ ಹೆಣ್ಣುಗಳು ಒಪ್ಪಲಿಲ್ಲ. ಆಮೇಲೆ ಹೆಣ್ಣು ನೋಡಲು ಜೊತೆಗೆ ಬರುವವರು ಇಲ್ಲವಾದರು. ತಾಯಿ ತೀರಿಕೊಂಡ ಮೇಲೆ ಅವನ ಬಾಗಿಲು ತಟ್ಟುತ್ತಿದ್ದವನು ಕರೆಂಟ್ ಮೀಟರ್ ಓದುವವನೊಬ್ಬನೇ.

ಕೊಟ್ಟರೆ ನಿನಗೇನು ಎಂದು ಗುರುಗಳು ಕೇಳಿದರು. ಚನ್ನವೀರ ಪುಣ್ಯದ ಮಾತಾಡಿದ. ಬರಿದಾದ ಮಡಿಲು ತುಂಬುವುದರ ಬಗ್ಗೆ, ದಾನಗಳಲ್ಲಿ ಯಾವುದು ದೊಡ್ಡದು ಎಂಬುದರ ಬಗ್ಗೆ ಬಹಳ ಹೊತ್ತು ಹೇಳಿದ. ಅಷ್ಟರಲ್ಲಿ ಗುರುಗಳು ನಾಲ್ಕು ಕಲ್ಲು ಆರಿಸಿದರು.

"ಪುಣ್ಯದ್ದು ಆಯಿತು," ಎಂದರು. "ಈಗ ನಿನ್ನದು ಹೇಳು."

ಚನ್ನವೀರ ಎಡಗೈ ಚಾಚಿದ. ಕಿರುಬೆರಳು ಒಳಕ್ಕೆ ಬಾಗಿತ್ತು. ತಾಯಿಯ ಕಿರುಬೆರಳೂ ಹಾಗೆಯೇ ಇತ್ತು, ಅವಳ ತಂದೆಯದೂ ಹಾಗೆಯೇ ಇತ್ತಂತೆ. ಲೋಕದಲ್ಲಿ ಎಲ್ಲಾದರೂ ಒಂದು ಕಡೆ ಇಂಥದೊಂದು ಬೆರಳು ಪೆನ್ಸಿಲ್ ಹಿಡಿದಿರುತ್ತದೆ ಎಂದ. ಮುಂದೆಂದಾದರೂ ಬಸ್ಸಿನಲ್ಲಿ ಎದುರು ಸೀಟಿನ ಕಂಬಿ ಹಿಡಿದ ಕೈಯಲ್ಲಿ ಅದನ್ನು ಕಂಡರೆ ಸಾಕು, ಮಾತಾಡಿಸುವುದೂ ಬೇಡ, ತನ್ನದೆಂದು ತನಗೆ ತಿಳಿಯುತ್ತದೆ ಎಂದ. ಆಸ್ಪತ್ರೆಯ ಕಾಗದ ಅವನ ಜೇಬಿನಲ್ಲೇ ಇತ್ತು. ಮರುದಿನ ಸಹಿ ಮಾಡಿ ಕೊಡಬೇಕಿತ್ತು.

ಗುರುಗಳು ಮೊರವನ್ನು ಪಕ್ಕಕ್ಕಿಟ್ಟು ಕತೆ ಹೇಳಿದರು.

ಒಂದು ಬೀದಿಯಲ್ಲಿ ಒಬ್ಬ ಹೆಂಗಸಿದ್ದಳು. ಗಂಡ ಇರಲಿಲ್ಲ, ಮಕ್ಕಳಾಗಿರಲಿಲ್ಲ. ಒಂದು ಹಸು ಇತ್ತು. ಅವಳ ಮನೆಯ ಮೊಸರು ಎಷ್ಟು ಗಟ್ಟಿಯೆಂದರೆ ಕುಡಿಕೆಯನ್ನು ಬೋರಲು ಹಾಕಿದರೂ ಬೀಳುವುದಿಲ್ಲ ಎಂದು ಬೀದಿಯವರು ಹೇಳುತ್ತಿದ್ದರು. ಬೋರಲು ಹಾಕಿ ನೋಡಿದವರು ಯಾರೂ ಇರಲಿಲ್ಲ.

ಅವಳು ದಿನವೂ ಒಂದು ಚಮಚ ಮೊಸರು ಎತ್ತಿಟ್ಟು ಮರುದಿನದ ಹಾಲಿಗೆ ಹೆಪ್ಪು ಹಾಕುತ್ತಿದ್ದಳು. ಅತ್ತೆಯ ಕಾಲದಿಂದ ಒಂದು ದಿನವೂ ತಪ್ಪದೆ ಬಂದ ಹೆಪ್ಪು ಅದು. ಹೆಪ್ಪಿನಲ್ಲಿ ಮನೆಯ ಗುಣ ಇಳಿದಿರುತ್ತದೆ, ಯಾರ ಹಾಲಿಗೆ ಬಿದ್ದರೂ ಆ ಗುಣ ಹೋಗುವುದಿಲ್ಲ ಎಂಬುದು ಆ ಬೀದಿಯವರ ತಿಳಿವಳಿಕೆ. ಅದಕ್ಕೇ ಅವಳು ಯಾರಿಗೂ ಹೆಪ್ಪು ಕೊಟ್ಟಿರಲಿಲ್ಲ.

ಬೀದಿಯ ಕೊನೆಯ ಮನೆಗೆ ಒಂದು ಹೊಸ ಸಂಸಾರ ಬಂತು. ಆ ಮನೆಯ ಸೊಸೆ ಬಟ್ಟಲು ಹಿಡಿದುಕೊಂಡು ಬಂದು, "ದೊಡ್ಡಮ್ಮ, ಒಂದು ಚಮಚ ಹೆಪ್ಪು ಬೇಕಿತ್ತು," ಎಂದಳು. ಹೆಂಗಸು ಬಟ್ಟಲು ಇಟ್ಟುಹೋಗು ಎಂದಳು. ಮೂರು ದಿನ ಯೋಚಿಸಿದಳು. ಕೊಟ್ಟರೆ ಅತ್ತೆಯ ಕಾಲದ್ದು ಅಪರಿಚಿತರ ಪಾಲಾಗುತ್ತದೆ. ಕೊಡದಿದ್ದರೆ ತನ್ನೊಂದಿಗೇ ಮುಗಿಯುತ್ತದೆ. ಮೂರನೆಯ ದಿನ ಸಂಜೆ ಬಟ್ಟಲಿಗೆ ಹೆಪ್ಪು ಹಾಕಿಕೊಂಡು ತಾನೇ ಹೋಗಿ ಕೊಟ್ಟು ಬಂದಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮರುದಿನ ಸಂಜೆಯಾಗುತ್ತಲೇ ಅವಳಿಗೆ ಮನೆಯಲ್ಲಿ ಕೂರಲು ಆಗಲಿಲ್ಲ. ಕೊನೆಯ ಮನೆಯ ಬಾಗಿಲಲ್ಲಿ ನಿಂತು, ಹೆಪ್ಪು ಹಿಡಿಯಿತೋ ಇಲ್ಲವೋ ನೋಡಿ ಹೋಗೋಣ ಅಂತ ಬಂದೆ ಎಂದಳು. ಸೊಸೆ ಏನೋ ಹೇಳಲು ಬಾಯಿ ತೆರೆದು, ಅವಳ ಮುಖ ನೋಡಿ ಸುಮ್ಮನಾದಳು. ಒಳಗೆ ಹೋಗಿ ಒಂದು ಚಮಚ ಮೊಸರು ತಂದು ಅವಳ ಅಂಗೈಗೆ ಹಾಕಿದಳು. ಹೆಂಗಸು ನೆಕ್ಕಿದಳು. ಕಣ್ಣು ಮುಚ್ಚಿಕೊಂಡಳು.

"ನಮ್ಮದೇ," ಎಂದಳು.

ಅಂದಿನಿಂದ ದಿನವೂ ಬಂದಳು. ಬಾಗಿಲ ಪಕ್ಕದಲ್ಲಿ ಅವಳಿಗೆಂದು ಒಂದು ಮಣೆ ಬಿತ್ತು. ದಿನವೂ ಒಂದು ಚಮಚ ಮೊಸರು, ದಿನವೂ ಅದೇ ಮಾತು. ಕ್ರಮೇಣ ಆ ಮನೆಯವರಲ್ಲೆಲ್ಲ ಅವಳಿಗೆ ತನ್ನ ಮನೆಯ ಗುಣ ಕಾಣತೊಡಗಿತು. ಮಗು ಹಟ ಮಾಡದೆ ಉಂಡರೆ ಅದು ಹೆಪ್ಪಿನ ಗುಣ. ಅತ್ತೆ-ಸೊಸೆ ಒಂದು ದಿನ ಜಗಳವಾಡದೆ ಇದ್ದರೆ ಅದೂ ಹೆಪ್ಪಿನ ಗುಣ. ಜಗಳವಾಡಿದ ದಿನ ಹಾಲು ಸರಿಯಿರಲಿಲ್ಲ ಎನ್ನುತ್ತಿದ್ದಳು. ಆ ಮನೆಯ ಯಜಮಾನ ಒಮ್ಮೆ ತಮಾಷೆಗೆ, ನೀವು ಬರುವುದು ಮೊಸರು ನೋಡಲೋ ನಮ್ಮನ್ನು ನೋಡಲೋ ಎಂದು ಕೇಳಿದ. ಮೊಸರು ನೋಡಲು ಎಂದು ಅವಳು ಗಂಭೀರವಾಗಿ ಹೇಳಿದಳು.

ಕತೆ ಇಲ್ಲಿಗೆ ಬಂದಾಗ ಚನ್ನವೀರ ಕೈ ಮಡಿಲಿಗೆ ಎಳೆದುಕೊಂಡಿದ್ದ. ಬಾಗಿಲ ಪಕ್ಕದ ಆ ಮಣೆಯನ್ನು ಅವನು ಕಣ್ಣಮುಂದೆ ತಂದುಕೊಂಡಿದ್ದ. ಅದರ ಅಗಲ ಎಷ್ಟಿರಬಹುದು, ಅದನ್ನು ದಿನವೂ ಹಾಕಿ ದಿನವೂ ಎತ್ತಿಡುತ್ತಿದ್ದರೋ ಅಥವಾ ಅದು ಅಲ್ಲೇ ಇರುತ್ತಿತ್ತೋ ಎಂದು ಯೋಚಿಸುತ್ತಿದ್ದ.

ಹನ್ನೊಂದು ವರ್ಷ ಕಳೆದವು ಎಂದರು ಗುರುಗಳು. ಹೆಂಗಸಿನ ಹಸು ಸತ್ತಿತು. ಹಾಲಿಲ್ಲದ ಮೇಲೆ ಹೆಪ್ಪು ನಿಂತಿತು, ಅವಳ ಕುಡಿಕೆ ಒಣಗಿತು. ನಮ್ಮದು ಕೊನೆಯ ಮನೆಯಲ್ಲಿ ಇದೆಯಲ್ಲ ಎಂದು ಅವಳು ಅದಕ್ಕೆ ಅಷ್ಟೇನೂ ದುಃಖಪಡಲಿಲ್ಲ. ಆಮೇಲೆ ಅವಳೇ ಹಾಸಿಗೆ ಹಿಡಿದಳು. ಈಗ ಸೊಸೆ ಬಂದಳು. ದಿನವೂ ಅನ್ನ ಮೊಸರು ಕಲಸಿ ತಂದು ತುತ್ತು ಕೊಟ್ಟಳು. ಬೇರೇನೂ ಒಳಗಿಳಿಯದ ದಿನವೂ ಆ ಮೊಸರು ಇಳಿಯಿತು. ಕೊನೆಯ ತುತ್ತು ತಿಂದ ದಿನವೂ ಅವಳು ಕಣ್ಣು ಮುಚ್ಚಿಕೊಂಡು ನಮ್ಮದೇ ಎಂದಳು.

ಮಣ್ಣು ಮಾಡಿ ಬಂದವರೆಲ್ಲ, ನೋಡಿ, ಹೆಪ್ಪು ತನ್ನವರನ್ನು ಬಿಡಲಿಲ್ಲ ಎಂದರು. ಆ ಬೀದಿಯಲ್ಲಿ ಈಗಲೂ ಹಾಗೆಯೇ ಹೇಳುತ್ತಾರೆ.

ಗುರುಗಳು ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

ಚನ್ನವೀರನಿಗೆ ಬಹಳ ದಿನಗಳ ಮೇಲೆ ಹಗುರವೆನಿಸಿತು. ಜೇಬಿನಿಂದ ಕಾಗದ ತೆಗೆದು ತೊಡೆಯ ಮೇಲಿಟ್ಟು ಮಡಿಕೆ ಬಿಡಿಸಿದ. ಪೆನ್ನು ತೆಗೆದ.

"ಹಾಗಾದರೆ ಕೊಡುತ್ತೇನೆ ಬುದ್ಧಿ. ತನ್ನದು ಎಲ್ಲಿದ್ದರೂ ತನಗೆ ತಿಳಿಯುತ್ತದೆ ಅಂದ ಹಾಗಾಯಿತು."

"ಕೊಡು ಅಂತ ನಾನು ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ," ಎಂದರು ಗುರುಗಳು. "ಸೊಸೆ ಅವತ್ತು ಬಾಯಿ ತೆರೆದು ಹೇಳದೆ ಬಿಟ್ಟದ್ದು ಏನು ಅಂತ ನೀನು ಕೇಳಲಿಲ್ಲ."

ಚನ್ನವೀರ ತಲೆಯೆತ್ತಿದ. ಗುರುಗಳು ಇನ್ನೊಂದು ಕಲ್ಲು ಆರಿಸಿ ಹೊರಗೆ ಹಾಕಿದರು.

"ಆ ಹೆಂಗಸು ಕೊಟ್ಟ ಹೆಪ್ಪನ್ನು ಹಾಲಿಗೆ ಹಾಕುವ ಮೊದಲೇ ಬೆಕ್ಕು ನೆಕ್ಕಿತ್ತು, ಅವರು ಹಾಲಿಗೆ ಹಾಕಿದ್ದು ಎದುರು ಮನೆಯ ಹೆಪ್ಪು."