ಆಗರದ ಗಣಪಿ ಕಂಡದ್ದು

"ಗುರುಗಳೇ, ಹನ್ನೆರಡು ವರ್ಷ ನಿಮ್ಮ ಬಳಿ ಓದಿದೆ. ಈಗ ಜನ ಏನು ಕೇಳಿದರೂ ಉತ್ತರ ಕೊಡಬಲ್ಲೆ. ನಾನಿನ್ನು ಕಲಿಯಬೇಕಾದದ್ದು ಏನಾದರೂ ಉಳಿದಿದೆಯೇ?" ಎಂದು ಸಾಂತಪ್ಪನೆಂಬ ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಹಿಂದೆ ಕಡಲು ಸೇರುವ ಹೊಳೆಯೊಂದರ ಎರಡು ದಡಗಳನ್ನು ಇಬ್ಬರು ದೊರೆಗಳು ಆಳುತ್ತಿದ್ದರು. ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿರಲಿಲ್ಲ. ತೆಂಕಣ ದಡದಲ್ಲಿ ಉಪ್ಪಿನ ಆಗರಗಳಿದ್ದವು. ಗಣಪಿ ಎಂಬ ಹೆಂಗಸು ಅಲ್ಲಿ ಉಪ್ಪು ಗೋರಿ ರಾಶಿ ಹಾಕುವ ಕೆಲಸ ಮಾಡುತ್ತಿದ್ದಳು.

ಒಂದು ಮಧ್ಯಾಹ್ನ, ಹೊಳೆಯ ಮೇಲಿನ ಆಕಾಶದಲ್ಲಿ ಏನೋ ಒಂದು ನಿಂತಿತ್ತು. ಆಗರದಲ್ಲಿದ್ದ ಮೂವತ್ತು ಜನರೂ ಅದನ್ನು ಕಂಡರು. ಹೆಚ್ಚಿನವರು ಓಡಿದರು. ಕೆಲವರು ಮುಖ ಮುಚ್ಚಿಕೊಂಡು ಕುಸಿದರು. ಗಣಪಿಗೂ ಹೆದರಿಕೆಯಾಯಿತು. ಆದರೆ ಅವಳು ನಿಂತು ನೋಡಿದಳು. ಅದು ಹೋಗುವವರೆಗೂ ಕಣ್ಣು ಕೀಳಲಿಲ್ಲ.

ಸುದ್ದಿ ತೆಂಕಣ ದೊರೆಗೆ ಮುಟ್ಟಿತು. ಇದು ಬಡಗಣ ದಡದವರ ಮಾಟ ಎಂದು ದಂಡನಾಯಕ ಹೇಳಿದ. ಅವರು ಮೇಲೆ ಬೀಳುವ ಮೊದಲು ನಾವೇ ಬೀಳಬೇಕು ಎಂದು ದೋಣಿಗಳನ್ನು ಸಜ್ಜು ಮಾಡಿಸಿದ. ದೊರೆ ದುಡುಕುವವನಲ್ಲ. ಕಂಡವರನ್ನೆಲ್ಲ ಕರೆಸಿ, ಒಬ್ಬೊಬ್ಬರ ಮಾತನ್ನೂ ಕರಣಿಕನಿಂದ ಓಲೆಯ ಮೇಲೆ ಬರೆಸಿದ. ದಂಡನಾಯಕ ಪಕ್ಕದಲ್ಲೇ ನಿಂತಿದ್ದ. ಅದು ಬಡಗಣ ದಡದಿಂದಲೇ ಬಂತೆಂದು ಮೊದಲು ಬಂದವರೆಲ್ಲರೂ ಹೇಳಿದರು.

ಗಣಪಿಯ ಸರದಿ ಬಂತು.

"ಒಡೆಯಾ, ಅದು ಬಂದದ್ದನ್ನು ನಾನು ಕಾಣಲಿಲ್ಲ. ತಲೆಯೆತ್ತಿದಾಗ ಅಲ್ಲಿ ನಿಂತಿತ್ತು. ಮೊರದಷ್ಟು ಅಗಲ ಕಾಣಿಸಿತು. ತಿಕ್ಕಿದ ಕಂಚಿನ ಬಣ್ಣ. ಗಾಳಿ ಜೋರಾಗಿ ಬೀಸುತ್ತಿತ್ತು, ಆದರೂ ಅದು ಅಲುಗಲಿಲ್ಲ. ಸದ್ದಿರಲಿಲ್ಲ. ನೀರಿನ ಮೇಲೆ ಅದರ ನೆರಳು ಬಿದ್ದಿತ್ತು. ಆಮೇಲೆ ನೇರ ಮೇಲಕ್ಕೆ ಹೋಯಿತು."

"ಅದು ಏನು?" ಎಂದು ದೊರೆ ಕೇಳಿದ.

"ಗೊತ್ತಿಲ್ಲ, ಒಡೆಯಾ."

ದೊರೆಯ ಮುಂದಿನಿಂದ ಹೊರಗೆ ಬಂದ ಮೇಲೆ ದಂಡನಾಯಕ ಅವಳ ಮೇಲೆ ಸಿಟ್ಟಾದ. "ಆ ದಡದವರದು ಎಂದು ಹೇಳು. ಇಲ್ಲದಿದ್ದರೆ ನಾಳೆಯಿಂದ ಆಗರಕ್ಕೆ ಕಾಲಿಡಬೇಡ."

ಅವಳಿಗೆ ಬೇರೆ ಬದುಕಿರಲಿಲ್ಲ. ಆದರೂ ಅವಳು, "ಅದರ ಮೇಲೆ ಯಾರ ಗುರುತೂ ಇರಲಿಲ್ಲ, ಸ್ವಾಮಿ. ಇದ್ದಿದ್ದರೆ ಹೇಳುತ್ತಿದ್ದೆ" ಎಂದಳು.

ಮರುದಿನ ದಂಡನಾಯಕನ ಆಳುಗಳು ಅವಳನ್ನು ಆಗರದಿಂದ ಹೊರಗೆ ಹಾಕಿದರು. ಹಸಿವು ತಡೆಯಲಾರದೆ ಅವಳು ಅವರಿವರ ಮನೆಯ ಭತ್ತ ಕುಟ್ಟಿದಳು. ಮಾತು ಮಾತ್ರ ಬದಲಿಸಲಿಲ್ಲ.

ಹದಿನೈದು ದಿನ ಕಳೆದ ಮೇಲೆ ದೊರೆ ಎಲ್ಲರನ್ನೂ ಮತ್ತೆ ಕರೆಸಿದ. ಅಷ್ಟರಲ್ಲಿ ಅವರ ಮಾತು ಬೆಳೆದಿತ್ತು. ಒಬ್ಬನಿಗೆ ಅದರೊಳಗೆ ಬಿಲ್ಲು ಹಿಡಿದ ಆಳುಗಳು ಕಂಡಿದ್ದರು. ಇನ್ನೊಬ್ಬನಿಗೆ ಬಡಗಣ ದೊರೆಯ ಬಾವುಟ ಕಂಡಿತ್ತು. ಅಂದು ಓಡಿಹೋಗಿದ್ದವನೊಬ್ಬನಿಗೆ ನಗಾರಿಯ ಸದ್ದು ಕೇಳಿತ್ತು. ಗಣಪಿ ಮೊದಲು ಹೇಳಿದ್ದನ್ನೇ ಹೇಳಿದಳು. ಕರಣಿಕ ಓಲೆಯ ಮೇಲೆ ಬೆರಳಿಟ್ಟು ನೋಡುತ್ತ ಹೋದ. ಒಂದು ಮಾತು ಹೆಚ್ಚಿರಲಿಲ್ಲ, ಒಂದು ಮಾತು ಕಡಿಮೆಯಿರಲಿಲ್ಲ.

ದೊರೆ ದೋಣಿಗಳನ್ನು ತಡೆದ. ಅವಳ ಮಾತಿದ್ದ ಓಲೆಯನ್ನು ದೂತನ ಕೈಯಲ್ಲಿ ಬಡಗಣ ದಡಕ್ಕೆ ಕಳಿಸಿದ.

ಅಲ್ಲಿಯೂ ದೋಣಿಗಳು ಸಜ್ಜಾಗಿದ್ದವು. ಅದು ತೆಂಕಣದವರ ಮಾಟವೆಂದು ಅಲ್ಲಿಯವರು ನಂಬಿದ್ದರು. ದೂತ ಓಲೆ ಓದಿದಾಗ, ಅಂದು ಹೊಳೆಯಲ್ಲಿ ಬಲೆ ಬೀಸುತ್ತಿದ್ದ ಮುದುಕನೊಬ್ಬ ಎದ್ದು ನಿಂತ. "ನಾನು ಕಂಡದ್ದೂ ಇಷ್ಟೇ. ಹೇಳಲು ಧೈರ್ಯ ಬರಲಿಲ್ಲ" ಎಂದ. ಆ ದಡದ ದೊರೆಯೂ ತನ್ನ ದೋಣಿಗಳನ್ನು ತಡೆದ. ಕೊನೆಗೆ ಎರಡು ದಡಗಳ ದೋಣಿಗಳೂ ಮೀನು ಹಿಡಿಯಲು ಹೋದವು.

ತೆಂಕಣ ದೊರೆ ತಾನೇ ಗಣಪಿಯನ್ನು ಆಗರಕ್ಕೆ ಕರೆತಂದ. "ಅಮ್ಮಾ, ಇನ್ನೊಮ್ಮೆ ಹೇಳು. ಈ ಸಲ ಬರೆಯಲಿಕ್ಕಲ್ಲ, ಕೇಳಲಿಕ್ಕೆ" ಎಂದ.

ಅವಳು ಹೊಳೆಯ ಕಡೆ ತಿರುಗಿ ಹೇಳಿದಳು. ಈ ಬಾರಿ ಸೇರಿಸಿದ್ದು ಒಂದೇ ಮಾತು: "ಎಷ್ಟು ಚೆಂದವಿತ್ತು, ಒಡೆಯಾ!"

ಗುರುಗಳು ಕತೆ ನಿಲ್ಲಿಸಿದರು. ಸಾಂತಪ್ಪನಿಗೆ ತಡೆಯಲಾಗಲಿಲ್ಲ.

"ಆದರೆ ಗುರುಗಳೇ, ಅದು ನಿಜಕ್ಕೂ ಏನಾಗಿತ್ತು?"

"ನನಗೆ ಗೊತ್ತಿಲ್ಲ" ಎಂದರು ಗುರುಗಳು.

ಸಾಂತಪ್ಪ ಗುರುಗಳ ಕಾಲಿಗೆರಗಿ, ಮತ್ತೆ ಕಲಿಯಲು ಕುಳಿತ.